ಜ್ವರಕ್ಕೆ ಕೂತ ಹುಳು, ಐದನೇ ಕ್ಲಾಸಿನ ಇಂಗ್ಲಿಷ್

ಶಿಡ್ಲಘಟ್ಟ ತಾಲ್ಲೂಕಿನ ಸರ್ಕಾರಿ ಶಾಲೆಯೊಂದಕ್ಕೆ ಬಂದ ಹೊಸದರಲ್ಲಿ ನಾನೊಂದು ನಿಯಮ ಮಾಡಿದ್ದೆ. ಇಂಗ್ಲಿಷ್ ಪೀರಿಯಡ್ಡಿನಲ್ಲಿ ಕನ್ನಡ, ತೆಲುಗು ಮಾತಾಡುವಂತಿಲ್ಲ. ಹೊರಗೆ ಹೋಗಬೇಕಾದರೂ 'ಮೇ ಐ ಗೋ ಔಟ್ ಮಿಸ್' ಎಂದೇ ಕೇಳಬೇಕು. ಒಂದು ಮಧ್ಯಾಹ್ನ ಎರಡನೇ ಬೆಂಚಿನ ಹುಡುಗಿ ನಾಲ್ಕು ಸಲ ಎದ್ದಳು, ನಾಲ್ಕು ಸಲ ಕೂತಳು. ಆ ವಾಕ್ಯ ಬಾಯಿಗೆ ಬರಲಿಲ್ಲ. ಕೂತಲ್ಲೇ ಆಗಿಹೋಯಿತು. ಆಮೇಲೆ ಒಂದು ವಾರ ಶಾಲೆ ಕಡೆ ಬರಲಿಲ್ಲ. ಮಗುವಿಗೆ ಆ ಅವಮಾನ ಆದದ್ದು ನನ್ನಿಂದ. ನಿಯಮವನ್ನು ಅವತ್ತೇ ಕೈಬಿಟ್ಟೆ.

ಸರ್ಕಾರಿ ಶಾಲೆಗಳಲ್ಲಿ 2007-08ರಿಂದ ಒಂದನೇ ತರಗತಿಗೇ ಇಂಗ್ಲಿಷ್ ಬಂದಿದೆ. ಆದರೆ ನಮ್ಮ ಮಕ್ಕಳಿಗೆ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಇಂಗ್ಲಿಷ್ ಮೂರನೆಯದು. ಹಾಗಂತ ಅವರ ಬಾಯಲ್ಲಿ ಇಂಗ್ಲಿಷ್ ಇಲ್ಲವೇ? 'ಮನೇಲಿ ಕೇಳೋ ಇಂಗ್ಲಿಷ್ ಮಾತು ಬರ್ಕೊಂಡು ಬನ್ನಿ, ಕನ್ನಡದಲ್ಲೇ ಬರೀರಿ' ಅಂದೆ. ಮರುದಿನ ಮೋಟ್ರು, ಸ್ವಿಚ್ಚು, ಡ್ರಿಪ್ಪು, ಲೋಡು, ರೇಟು, ಮಾರ್ಕೆಟ್ಟು ಎಲ್ಲ ಬಂದವು. ಬೋರ್ಡಿನಲ್ಲಿ ಮೂರು ಸಾಲು ಮಾಡಿದೆ: ತೆಲುಗು, ಕನ್ನಡ, ಇಂಗ್ಲಿಷ್. 'ಆಕು, ಎಲೆ, ಲೀಫ್' ಎಂದು ಓದುವಾಗ, ತೆಲುಗಿನದನ್ನು ಹೇಳುವ ಮಗುವಿನ ದನಿಯೇ ಎಲ್ಲಕ್ಕಿಂತ ಜೋರು.

ಕ್ಲಾಸಿನಲ್ಲೇ ಸಾಕಲೆಂದು ಒಬ್ಬ ಹುಡುಗನ ಅಜ್ಜಿ ಎರಡನೇ ಜ್ವರ ಎದ್ದ ರೇಷ್ಮೆ ಹುಳುಗಳನ್ನು ಒಂದು ತಟ್ಟೆಯಲ್ಲಿ ಕೊಟ್ಟರು. ಹುಳು ತಿನ್ನುವುದು ಬಿಟ್ಟು ಕೂತು ಪೊರೆ ಕಳಚುವುದಕ್ಕೇ ಜ್ವರ ಅನ್ನುತ್ತಾರೆ. ಗೂಡಿಗೆ ಬರಲು ಇನ್ನು ಸುಮಾರು 18 ದಿನ. ಮೊದಲ ವಾರ ಮಕ್ಕಳು ಮಾತಾಡಬೇಕಿರಲಿಲ್ಲ. ನಾನು 'ಕಟ್ ದ ಲೀಫ್', 'ಸ್ಪ್ರೆಡ್ ದ ಲೀವ್ಸ್', 'ಡೋಂಟ್ ಟಚ್' ಅನ್ನುತ್ತಿದ್ದೆ, ಅವರು ಮಾಡುತ್ತಿದ್ದರು. ಜೇಮ್ಸ್ ಆಶರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ 1960ರ ದಶಕದಲ್ಲಿ ರೂಪಿಸಿದ ಕ್ರಮ ಇದು. ಮೊದಲು ಕಿವಿ ಮತ್ತು ಮೈ, ನಾಲಿಗೆ ಆಮೇಲೆ. ತರಬೇತಿಗಳಲ್ಲಿ ಕೇಳಿದ್ದೆ, ನಂಬಿರಲಿಲ್ಲ.

ಆ ವಾರ ಹುಳುಗಳು ತಲೆ ಎತ್ತಿ ಅಲ್ಲಾಡದೆ ಕೂತವು. ನೋಡಲು ಬಂದ ಅಜ್ಜಿಗೆ, ಮಾತೇ ಆಡದ ಎರಡನೇ ಬೆಂಚಿನ ಆ ಹುಡುಗಿಯ ಬಗ್ಗೆಯೂ ಹೇಳಿಕೊಂಡೆ. ಅವರು ತಟ್ಟೆ ಕಡೆ ಕೈ ತೋರಿಸಿದರು. 'ಜ್ವರಕ್ಕೆ ಕೂತಿರೋವಾಗ ಸೊಪ್ಪು ಹಾಕ್ಬಾರ್ದು ಮೇಡಂ, ಮುಟ್ಟಲೂಬಾರ್ದು. ಎದ್ಮೇಲೆ ಅವೇ ತಿಂತವೆ.' ಅಂದಿನಿಂದ ಅವಳನ್ನು ಎಬ್ಬಿಸಿ ಪ್ರಶ್ನೆ ಕೇಳುವುದು ಬಿಟ್ಟೆ. ಸೊಪ್ಪು ಹಾಕುವ ಸರದಿ ಮಾತ್ರ ಅವಳಿಗೂ ತಪ್ಪಿಸಲಿಲ್ಲ.

ದಿನಕ್ಕೊಂದು ವಾಕ್ಯದ ಡೈರಿ ಶುರುವಾಯಿತು. 'ವರ್ಮ್ ಈಟಿಂಗ್ ಲೀಫ್' ಎಂದು ಯಾರಾದರೂ ಹೇಳಿದರೆ ತಪ್ಪು ಅನ್ನಲಿಲ್ಲ. 'ಎಸ್, ದ ವರ್ಮ್ ಈಸ್ ಈಟಿಂಗ್ ಲೀವ್ಸ್' ಎಂದು ಸರಿಯಾದ ರೂಪದಲ್ಲೇ ತಿರುಗಿ ಹೇಳಿದೆ, ಅಷ್ಟೇ. ಮೂರು ನಾಲ್ಕು ದಿನದಲ್ಲಿ 'ಈಸ್' ತಾನಾಗಿ ಬಂತು. ವಾಸ್, ವರ್ ಪಾಠವನ್ನು ಬೇರೆ ಮಾಡಲೇ ಇಲ್ಲ. ನಿನ್ನೆ ಸಣ್ಣದಿದ್ದದ್ದು ಇವತ್ತು ದಪ್ಪಗಾಗಿದೆ ಎಂದು ಹೇಳುವ ಆಸೆಯೇ ಅದನ್ನು ಕಲಿಸಿತು.

ಹುಳು ಹಣ್ಣಾಗಿ, ಗೂಡು ಕಟ್ಟಲೆಂದು ಚಂದ್ರಿಕೆ ಎಂಬ ಬಿದಿರಿನ ತಟ್ಟಿಗೆ ಬಿಟ್ಟ ದಿನ ಆ ಹುಡುಗಿ ಬಂದು ನನ್ನ ಸೆರಗು ಎಳೆದಳು. 'ಮಿಸ್, ಇಟ್ ಈಸ್ ನಾಟ್ ಈಟಿಂಗ್. ಇಟ್ ಈಸ್... ಗೂಡು ಕಟ್ಟಿಂಗ್.' ನಾನು ಅವಳ ಪಕ್ಕ ಕುಕ್ಕರಗಾಲಲ್ಲಿ ಕೂತು, 'ಎಸ್, ಇಟ್ ಈಸ್ ಸ್ಪಿನ್ನಿಂಗ್ ಎ ಕಕೂನ್' ಅಂದೆ. 'ಸ್ಪಿನ್ನಿಂಗ್' ಎಂದು ಎರಡು ಸಲ ಮೆಲ್ಲಗೆ ಅಂದುಕೊಂಡು ಓಡಿದಳು. ಅವತ್ತು ಸಂಜೆ ಬಸ್ಸಿನಲ್ಲಿ ನನಗೆ ಅಳು ತಡೆಯಲಾಗಲಿಲ್ಲ.

ಓದು ಮಾತ್ರ ಇದರಿಂದ ಬರಲಿಲ್ಲ. ಕನ್ನಡದಲ್ಲಿ 'ಕ' ಅಕ್ಷರದ ಹೆಸರೇ ಅದರ ಉಲಿ. ಇಂಗ್ಲಿಷಿನಲ್ಲಿ 'ಸಿ' ಎಂದು ಕಲಿತ ಅಕ್ಷರ 'ಕಕೂನ್'ನಲ್ಲಿ 'ಕ್' ಆಗುತ್ತದೆ. ಮಕ್ಕಳು ಎಡವುವುದು ಅಲ್ಲೇ. ಹಾಗಾಗಿ ದಿನಾ 15 ನಿಮಿಷ ಅಕ್ಷರದ ಹೆಸರು ಬಿಟ್ಟು ಉಲಿಯನ್ನೇ ಹೇಳಿಸುತ್ತೇನೆ. 'ಪೆನ್ನು', 'ಬುಕ್ಕು' ಎಂದು ಕೊನೆಗೆ ಉಕಾರ ಸೇರಿಸುವುದಕ್ಕೂ ಒಂದು ಉಪಾಯ ಇದೆ. ಮಾತಿನ ಕೊನೆಯಲ್ಲಿ ಮುಷ್ಟಿ ಬಿಗಿದು ದನಿ ನಿಲ್ಲಿಸಬೇಕು. ಈಗ ನಾನು ಮರೆತರೂ ಮಕ್ಕಳು ಮರೆಯುವುದಿಲ್ಲ. 'ಬುಕ್' ಅಂದ ತಕ್ಷಣ ಇಡೀ ಕ್ಲಾಸಿನ ಮುಷ್ಟಿ ಮುಚ್ಚಿರುತ್ತದೆ.