ಕ್ವಾಲಿಟಿ ಮತ್ತು ಪ್ರೊಡಕ್ಷನ್ ನಡುವೆ ಇನ್ನೊಂದು ಹಂತ

ದಾವಣಗೆರೆಯ ಹೊರವಲಯದ ಮೆಕ್ಕೆಜೋಳ ಸಂಸ್ಕರಣಾ ಕಾರ್ಖಾನೆಯೊಂದರಲ್ಲಿ ಎಸ್‌ಎಪಿ ಬೇಸಿಸ್ ಕೆಲಸ, ಅಂದರೆ ಕಾರ್ಖಾನೆಯ ವ್ಯವಹಾರ ನಡೆಸುವ ಎಸ್‌ಎಪಿ ಸಾಫ್ಟ್‌ವೇರ್‌ನ ಸಿಸ್ಟಂಗಳನ್ನು ನೋಡಿಕೊಳ್ಳುವ ಕೆಲಸ, ನನ್ನದು. ನಮ್ಮಲ್ಲಿ ಬದಲಾವಣೆ ಬರೆಯುವ ಡೆವಲಪ್‌ಮೆಂಟ್, ಅದನ್ನು ಪರೀಕ್ಷಿಸುವ ಕ್ವಾಲಿಟಿ, ನಿಜವಾದ ವ್ಯವಹಾರ ನಡೆಯುವ ಪ್ರೊಡಕ್ಷನ್ ಎಂಬ ಮೂರೇ ಸಿಸ್ಟಂಗಳಿದ್ದವು. ಕ್ವಾಲಿಟಿಯಲ್ಲಿ ಒಪ್ಪಿಗೆ ಸಿಗದ ಬದಲಾವಣೆಗಳು ಸದಾ ತುಂಬಿರುತ್ತವೆ. ಒಂದು ಪ್ರೋಗ್ರಾಂ ಅಲ್ಲಿ ಸರಿಯಾಗಿ ಓಡಿದರೆ ಅದು ಅಂಥ ಇನ್ನೊಂದು ಬದಲಾವಣೆಯ ಬಲದಿಂದಲೇ ಓಡಿರಬಹುದು. ಪ್ರೊಡಕ್ಷನ್‌ಗೆ ಅದೊಂದೇ ಹೋಗಿ ಕೆಟ್ಟರೆ ತೂಕದ ಚೀಟಿ ಬರುವುದಿಲ್ಲ, ಸುಗ್ಗಿಯಲ್ಲಿ ಲಾರಿಗಳು ಗೇಟಿನಾಚೆ ಸಾಲುಗಟ್ಟುತ್ತವೆ. ಹಾಗಾಗಿ ಇವೆರಡರ ನಡುವೆ ಕೊನೆಯ ಪರೀಕ್ಷೆಗೆ ಪ್ರಿ-ಪ್ರೊಡಕ್ಷನ್ ಎಂಬ ಇನ್ನೊಂದು ಸಿಸ್ಟಂ ಬೇಕೇ ಬೇಕೆಂದು ಪಟ್ಟು ಹಿಡಿದೆ.

ಪ್ರೊಡಕ್ಷನ್‌ನ ನಕಲಿನಿಂದಲೇ ಅದನ್ನು ಕಟ್ಟಿದೆವು. ನಕಲಿನ ಜೊತೆ ಬಂದ ಹಿನ್ನೆಲೆ ಕೆಲಸಗಳು ತಾವಾಗಿ ಓಡದಂತೆ, ಸಿಸ್ಟಂನ ಸೆಟ್ಟಿಂಗ್‌ಗಳಿರುವ ಪ್ರೊಫೈಲ್‌ನಲ್ಲಿ ಬ್ಯಾಚ್ ಪ್ರೋಸೆಸ್‌ಗಳನ್ನು 0 ಮಾಡಿದ ಮೇಲೆಯೇ ಸಿಸ್ಟಂ ಚಾಲೂ ಮಾಡಿದೆ. ಮೇಲ್, ಇ-ಇನ್‌ವಾಯ್ಸ್ ಸಂಪರ್ಕಗಳನ್ನು ಕಡಿದೆ. ಆಮೇಲೆ ನಕಲಿನ ನಂತರದ ಹೊಂದಾಣಿಕೆಗಿರುವ ಎಸ್‌ಇ06, ಡೇಟಾದಲ್ಲಿರುವ ಹಳೆಯ ಸಿಸ್ಟಂ ಹೆಸರು ಬದಲಿಸುವ ಬಿಡಿಎಲ್‌ಎಸ್ ಕೆಲಸ ಮುಗಿಸಿ, ಸಿಸ್ಟಂನ ಮೂಲ ಆಡಳಿತ ವಿಭಾಗವಾದ ಕ್ಲೈಂಟ್ 000ದಿಂದ, ಬದಲಾವಣೆಗಳ ಸಾಗಣೆ ನೋಡಿಕೊಳ್ಳುವ ಎಸ್‌ಟಿಎಂಎಸ್ ಮೂಲಕ ಟ್ರಾನ್ಸ್‌ಪೋರ್ಟ್ ಡೊಮೈನ್‌ಗೆ (ಆ ಸಾಗಣೆಯಲ್ಲಿ ಪಾಲಿರುವ ಸಿಸ್ಟಂಗಳ ಗುಂಪಿಗೆ) ಸೇರಿಸಿದೆ. ಬದಲಾವಣೆಗಳು ಸಾಗುವ ಮಾರ್ಗ ಬದಲಿಸುವುದು ಸುಲಭ: ಕ್ವಾಲಿಟಿಯಿಂದ ಪ್ರೊಡಕ್ಷನ್‌ಗಿದ್ದ ಡೆಲಿವರಿ ಮಾರ್ಗ ತೆಗೆದು, ಪ್ರಿ-ಪ್ರೊಡಕ್ಷನ್‌ಗೊಂದು, ಅಲ್ಲಿಂದ ಪ್ರೊಡಕ್ಷನ್‌ಗೊಂದು ಎಳೆದು, ಎಲ್ಲ ಸಿಸ್ಟಂಗಳಿಗೂ ಹಂಚಿ ಸಕ್ರಿಯಗೊಳಿಸಿದೆ.

ನಿಜವಾದ ಕೆಲಸ ದಾರಿಯಲ್ಲಿದ್ದ ರಿಕ್ವೆಸ್ಟ್‌ಗಳದು, ಅಂದರೆ ಸಿಸ್ಟಂನಿಂದ ಸಿಸ್ಟಂಗೆ ಕಳಿಸುವ ಬದಲಾವಣೆಗಳ ಕಟ್ಟುಗಳದು. ಕ್ವಾಲಿಟಿಗೆ ಇಂಪೋರ್ಟ್ ಆದಾಗಲೇ ರಿಕ್ವೆಸ್ಟ್ ಮುಂದಿನ ಸಿಸ್ಟಂನ ಸಾಲಿಗೆ ಸೇರುತ್ತದೆ. ಹಳೆಯ ಮಾರ್ಗದಲ್ಲಿ ಬಂದವು ಪ್ರೊಡಕ್ಷನ್ ಸಾಲಿನಲ್ಲೇ ಕುಳಿತಿದ್ದವು. ಅವು ತಾವಾಗಿ ಪ್ರಿ-ಪ್ರೊಡಕ್ಷನ್‌ಗೆ ಬರುವುದಿಲ್ಲ. ಆ ಸಾಲನ್ನು ಇದ್ದ ಕ್ರಮದಲ್ಲೇ ಬರೆದುಕೊಂಡು, ಅದೇ ಕ್ರಮದಲ್ಲಿ ಹೊಸ ಸಾಲಿಗೆ ಕೈಯಾರೆ ಸೇರಿಸಿದೆ. ನಕಲು ತೆಗೆದ ನಂತರ ಪ್ರೊಡಕ್ಷನ್‌ಗೆ ಹೋಗಿದ್ದವನ್ನು ಅವುಗಳಿಗಿಂತ ಮೊದಲೇ ಹಾಕಬೇಕಾಯಿತು. ಇಲ್ಲಿ ಅವಸರ ಮಾಡಿದರೆ ಹೊಸ ಹಂತಕ್ಕೆ ಅರ್ಥವೇ ಉಳಿಯುವುದಿಲ್ಲ.

ಫಲ ಬೇಗ ಕಂಡಿತು. ಮೆಕ್ಕೆಜೋಳದ ತೇವಾಂಶಕ್ಕೆ ತೂಕ ಕಡಿತ ಲೆಕ್ಕ ಹಾಕುವ ಪ್ರೋಗ್ರಾಂ ಕ್ವಾಲಿಟಿಯಲ್ಲಿ ಪಾಸಾಗಿತ್ತು. ಪ್ರಿ-ಪ್ರೊಡಕ್ಷನ್‌ನಲ್ಲಿ ಇಂಪೋರ್ಟ್‌ನ ಫಲಿತಾಂಶ ತಿಳಿಸುವ ರಿಟರ್ನ್ ಕೋಡ್ 8, ಅಂದರೆ ದೋಷ, ಬಂತು. ಲಾಗ್ ತೆರೆದರೆ ಸಿಂಟ್ಯಾಕ್ಸ್ ದೋಷ: ಅದಕ್ಕೆ ಬೇಕಾದ ಟೇಬಲ್ ಫೀಲ್ಡ್ ಬೇರೊಂದು ರಿಕ್ವೆಸ್ಟ್‌ನಲ್ಲಿತ್ತು, ಅದಕ್ಕಿನ್ನೂ ಸಹಿ ಆಗಿರಲಿಲ್ಲ. 4 ಬಂದರೆ ಎಚ್ಚರಿಕೆ ಓದಿ ಮುಂದುವರಿಯುತ್ತೇನೆ, 8 ಬಂದರೆ ಅಲ್ಲಿಗೇ ನಿಲ್ಲಿಸುತ್ತೇನೆ.

“ತುರ್ತು ಇದ್ದಾಗ ನೇರವಾಗಿ ಕಳಿಸಬಹುದಲ್ಲ ಸರ್?” ಎಂದು ಲೆಕ್ಕಪತ್ರ ವಿಭಾಗದವರು ಕೇಳುತ್ತಾರೆ. ನಾನು ಒಪ್ಪುವುದಿಲ್ಲ. ತುರ್ತಿನ ರಿಕ್ವೆಸ್ಟ್ ಇಲ್ಲಿ ಮೊದಲ ಸರದಿ ಪಡೆಯುತ್ತದೆ, ಅಷ್ಟೇ. ನಕಲನ್ನು ಆಗಾಗ ಹೊಸದಾಗಿ ತೆಗೆಯುವಾಗಲೂ ಪ್ರೊಡಕ್ಷನ್ ಸಾಲಿನ ಪಟ್ಟಿ ಮೊದಲು ಉಳಿಸಿಕೊಳ್ಳುತ್ತೇನೆ. ನಕಲು ಮುಗಿದ ಮೇಲೆ ಅವನ್ನೆಲ್ಲ ಅದೇ ಕ್ರಮದಲ್ಲಿ ಪ್ರಿ-ಪ್ರೊಡಕ್ಷನ್‌ಗೆ ಮತ್ತೆ ಇಂಪೋರ್ಟ್ ಮಾಡಬೇಕು.