ದುಬೈ ಸಂಬಳದ ದಾವೆ: ಶುಲ್ಕಕ್ಕೆ ಹೆದರಿ ಸುಮ್ಮನಾಗಬೇಡಿ

ಹೋದ ತಿಂಗಳು ಶಿವಾಜಿನಗರದ ನೋಟರಿ ಅಂಗಡಿಯಲ್ಲಿ ಪರಿಚಯದ ಹುಡುಗನೊಬ್ಬ ಸಿಕ್ಕ. ದುಬೈನಲ್ಲಿ ನಾಲ್ಕು ವರ್ಷ ಎಸಿ ಮೆಕ್ಯಾನಿಕ್ ಆಗಿದ್ದವನು, ಮೂರು ತಿಂಗಳ ಸಂಬಳ, ಗ್ರಾಚ್ಯುಟಿ ಎರಡನ್ನೂ ಬಿಟ್ಟು ಬಂದಿದ್ದಾನೆ. ಕೈಯಲ್ಲೊಂದು ಪ್ಲಾಸ್ಟಿಕ್ ಕವರ್, ಅದರಲ್ಲಿ ನಾಡಕಚೇರಿಯ ಆದಾಯ ಪ್ರಮಾಣಪತ್ರ. "ಬಡವರಿಗೆ ಕೋರ್ಟ್ ಫೀ ಮಾಫಿಯಂತಲ್ಲ ಸಾರ್, ಇದನ್ನ ಅರಬ್ಬಿಗೆ ಮಾಡಿಸ್ಬೇಕಿತ್ತು" ಅಂದ.

ಇಲ್ಲಿನ ಲೆಕ್ಕದಲ್ಲಿ ಅವನ ಮಾತು ತಪ್ಪೇನಲ್ಲ. ನಮ್ಮ ಸಿವಿಲ್ ಪ್ರಕ್ರಿಯಾ ಸಂಹಿತೆಯ 33ನೇ ಆದೇಶದಡಿ ಶುಲ್ಕ ಕಟ್ಟಲಾಗದವನು ತನ್ನ ಬಡತನವನ್ನು ಕೋರ್ಟಿನ ಮುಂದೆ ರುಜುವಾತು ಮಾಡಬೇಕು. ಯುಎಇ ನಿಮ್ಮ ಬಡತನವನ್ನು ಕೇಳುವುದೇ ಇಲ್ಲ, ಕ್ಲೇಮಿನ ಮೊತ್ತ ಎಷ್ಟು ಅಂತ ನೋಡುತ್ತದೆ. 2022ರ ಫೆಬ್ರವರಿ 2ರಂದು ಜಾರಿಗೆ ಬಂದ ಕಾರ್ಮಿಕ ಕಾನೂನಿನಂತೆ, ಕಾರ್ಮಿಕ ಅಥವಾ ಅವನ ವಾರಸುದಾರರು ಹೂಡುವ 1,00,000 ದಿರ್ಹಂವರೆಗಿನ ದಾವೆಗೆ ನ್ಯಾಯಾಲಯ ಶುಲ್ಕವಿಲ್ಲ. ಅಪೀಲಿಗೂ ಇಲ್ಲ, ತೀರ್ಪು ಜಾರಿ ಮಾಡಿಸುವುದಕ್ಕೂ ಇಲ್ಲ. ಅದನ್ನು ದಾಟಿದರೆ ಶುಲ್ಕ ಬೀಳುತ್ತದೆ. ನಿಮ್ಮ ಲೆಕ್ಕ 1,03,000ಕ್ಕೆ ಬಂದು ನಿಂತಿದ್ದು, ಅದರಲ್ಲಿ ದಾಖಲೆಯೇ ಇಲ್ಲದ ಬೋನಸ್ ಸೇರಿದ್ದರೆ, ಅದನ್ನು ಬಿಡುವುದೇ ಜಾಣತನ ಅಂತ ನನಗನ್ನಿಸುತ್ತದೆ. ವಕೀಲರ ಫೀ, ಅರಬ್ಬಿ ಅನುವಾದದ ಖರ್ಚು ಮಾತ್ರ ನಿಮ್ಮ ತಲೆ ಮೇಲೆಯೇ.

ನೇರವಾಗಿ ಕೋರ್ಟಿಗೆ ಹೋಗುವಂತಿಲ್ಲ. ಮೊದಲು ಅಲ್ಲಿನ ಮಾನವ ಸಂಪನ್ಮೂಲ ಸಚಿವಾಲಯಕ್ಕೆ, ಅಂದರೆ ಎಲ್ಲರೂ 'ಮೊಹ್ರೆ' ಅನ್ನುವ ಕಚೇರಿಗೆ, ಆ್ಯಪ್‌ನಲ್ಲೋ 80084ಕ್ಕೆ ಫೋನ್ ಮಾಡಿಯೋ ದೂರು ಕೊಡಬೇಕು. ವಿವಾದ 50,000 ದಿರ್ಹಂ ಒಳಗಿದ್ದರೆ 2024ರ ಜನವರಿಯಿಂದ ಸಚಿವಾಲಯವೇ ತೀರ್ಮಾನ ಕೊಡಬಹುದು. ಒಪ್ಪದವರು 15 ಕೆಲಸದ ದಿನಗಳೊಳಗೆ ಕೋರ್ಟಿಗೆ ಹೋಗಬೇಕು. ಅದಕ್ಕಿಂತ ದೊಡ್ಡ ಮೊತ್ತ ರಾಜಿಯಾಗದಿದ್ದರೆ ಕಡತ ಕೋರ್ಟಿಗೆ ಹೋಗುತ್ತದೆ. ಕೆಲಸ ಮುಗಿದ ದಿನದಿಂದ ಎರಡು ವರ್ಷ ಕಳೆದರೆ ದಾವೆ ನಿಲ್ಲುವುದಿಲ್ಲ; 2024ರ ಆಗಸ್ಟ್ ತಿದ್ದುಪಡಿಗೆ ಮುಂಚೆ ಒಂದೇ ವರ್ಷವಿತ್ತು. ಡಿಐಎಫ್‌ಸಿ, ಎಡಿಜಿಎಂ ಅನ್ನುವ ದುಬೈ, ಅಬುಧಾಬಿಯ ವಿಶೇಷ ಹಣಕಾಸು ವಲಯಗಳಲ್ಲಿ ಕೆಲಸ ಮಾಡಿದವರಿಗೆ ಬೇರೆಯದೇ ಕಾನೂನು, ಬೇರೆಯದೇ ಕೋರ್ಟು. ಅವರು ಈ ಲೆಕ್ಕ ಹಿಡಿಯಬಾರದು.

ಇದೆಲ್ಲ ಅಲ್ಲಿದ್ದಾಗಲೇ ಮಾಡಿದರೆ ಹಗುರ. ವಿಮಾನ ಹತ್ತಿ ಬಂದ ಮೇಲೆ ಅಲ್ಲಿನವರೊಬ್ಬರಿಗೆ ಮುಖ್ತ್ಯಾರ್‌ನಾಮೆ (ಪವರ್ ಆಫ್ ಅಟಾರ್ನಿ) ಬರೆಯಬೇಕು. ಅದಕ್ಕೆ ಇಲ್ಲಿ ನೋಟರಿ, ವಿದೇಶಾಂಗ ಸಚಿವಾಲಯದ ದೃಢೀಕರಣ, ಯುಎಇ ರಾಯಭಾರ ಕಚೇರಿಯ ಮುದ್ರೆ, ಆಮೇಲೆ ಅರಬ್ಬಿ ಅನುವಾದ. ಕೋರ್ಟ್ ಬಿಟ್ಟ ಶುಲ್ಕವನ್ನು ಮುದ್ರೆಗಳು ವಸೂಲಿ ಮಾಡುತ್ತವೆ. ಇಸಿಆರ್, ಅಂದರೆ ಹೊರಡುವ ಮುಂಚೆ ಸರ್ಕಾರದ ವಲಸೆ ಅನುಮತಿ ಬೇಕಾದ, ಪಾಸ್‌ಪೋರ್ಟಿನಲ್ಲಿ ಹೋದವರು ಪ್ರವಾಸಿ ಭಾರತೀಯ ಬಿಮಾ ಯೋಜನೆಯ ವಿಮಾ ಪಾಲಿಸಿ ತೆಗೆದು ನೋಡಿ. ಉದ್ಯೋಗಕ್ಕೆ ಸಂಬಂಧಿಸಿದ ಕಾನೂನು ಖರ್ಚಿಗೆ ಅದರಲ್ಲಿ 45,000 ರೂಪಾಯಿವರೆಗೆ ಜಾಗವಿದೆ, ಆದರೆ ಹೆಚ್ಚಿನವರು ಅದನ್ನು ಇಮಿಗ್ರೇಷನ್ ಚೀಟಿ ಅಂದುಕೊಂಡು ಎಸೆದಿರುತ್ತಾರೆ.

ಹುಡುಗನ ಕವರಿನಲ್ಲಿ ಇನ್ನೊಂದು ಹಾಳೆಯಿತ್ತು. ವೀಸಾ ರದ್ದು ಮಾಡುವಾಗ ಕಂಪನಿ ಸಹಿ ಹಾಕಿಸಿಕೊಂಡ ಕಾಗದ. ಒಂದು ಕಡೆ ಅರಬ್ಬಿ, ಇನ್ನೊಂದು ಕಡೆ ಇಂಗ್ಲಿಷ್: ಬಾಕಿಯೆಲ್ಲ ಸಂದಾಯವಾಗಿದೆ. ಓದದೆ ಸಹಿ ಹಾಕಿದ್ದ. ಇದಕ್ಕೆ ಉತ್ತರ ಅಂತ ಏನಾದರೂ ಇದ್ದರೆ ಅದು ಸಂಬಳ ಬೀಳುತ್ತಿದ್ದ ಬ್ಯಾಂಕಿನ ಸ್ಟೇಟ್‌ಮೆಂಟು: ಆ ಮೂರು ತಿಂಗಳಲ್ಲಿ ಏನೂ ಜಮೆಯಾಗಿಲ್ಲ ಅನ್ನುವುದು. ಪುಣ್ಯಕ್ಕೆ ಅವನ ಫೋನಿನಲ್ಲಿ ಬ್ಯಾಂಕ್ ಆ್ಯಪ್ ಇನ್ನೂ ತೆರೆಯುತ್ತಿತ್ತು. ಆದಾಯ ಪ್ರಮಾಣಪತ್ರವನ್ನು ಕವರಿಗೆ ತುರುಕಿ, ಪಕ್ಕದ ಜೆರಾಕ್ಸ್ ಅಂಗಡಿಯಲ್ಲಿ ಸ್ಟೇಟ್‌ಮೆಂಟ್ ಪ್ರಿಂಟಿಗೆ ಕೊಟ್ಟೆವು.