ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋ ಎಷ್ಟು ದೂರ? ದಾರ ಹಿಡಿದು ಲೆಕ್ಕ ಹಾಕಿ

ಮಗಳ ಬಾಣಂತನಕ್ಕೋ ಮೊಮ್ಮಕ್ಕಳನ್ನು ನೋಡುವುದಕ್ಕೋ ಮನೆಯ ಹಿರಿಯರು ಅಮೆರಿಕಕ್ಕೆ ಹೊರಟರೆ ಎಲ್ಲರೂ ಕೇಳುವುದು ಒಂದೇ. ಎಷ್ಟು ದೂರ, ಎಷ್ಟು ಹೊತ್ತು? ಮೊಬೈಲ್ ನೋಡಿದರೆ ಉತ್ತರ ಸಿಗುತ್ತದೆ, ನಿಜ. ಆದರೆ ಒಮ್ಮೆ ಕೈಯಾರೆ ಲೆಕ್ಕ ಹಾಕಿ, ಟಿಕೆಟ್ಟಿನಲ್ಲಿರುವ ವೇಳೆಯ ಗೊಂದಲ ಕಳೆಯುತ್ತದೆ.

ಮಕ್ಕಳ ಗ್ಲೋಬ್ ಮತ್ತು ಒಂದು ದಾರ ಸಾಕು. ಗೋಡೆಯ ಭೂಪಟ ಬೇಡ. ದುಂಡಗಿನ ಭೂಮಿಯನ್ನು ಅದರಲ್ಲಿ ಚಪ್ಪಟೆ ಮಾಡಿರುತ್ತಾರೆ, ಹಾಗಾಗಿ ನೇರ ಗೆರೆ ಎಳೆದರೆ ದಾರಿ ತಪ್ಪಾಗಿ ಕಾಣುತ್ತದೆ. ಗ್ಲೋಬಿನಲ್ಲಿ ಎರಡು ಊರಿನ ನಡುವೆ ದಾರವನ್ನು ಬಿಗಿಯಾಗಿ ಎಳೆಯಿರಿ. ಅದು ಹಿಮಾಲಯ ದಾಟಿ, ಸೈಬೀರಿಯಾ ದಾಟಿ, ಅಲಾಸ್ಕಾ ಮೇಲಿಂದ ಇಳಿಯುತ್ತದೆ. ಮೊದಲ ಸಲ ನೋಡಿದವರಿಗೆ ನಂಬುವುದೇ ಕಷ್ಟ ಅಲ್ವಾ?

ಈಗ ದಾರವನ್ನು ಸ್ಕೇಲಿಗೆ ಹಿಡಿಯಿರಿ. 30 ಸೆಂ.ಮೀ. ಅಗಲದ ಗ್ಲೋಬಾದರೆ ಸುಮಾರು 33 ಸೆಂ.ಮೀ. ಬರುತ್ತದೆ. ಅದೇ ಗ್ಲೋಬಿನ ನಡುವಿಗೆ, ಅಂದರೆ ಭೂಮಧ್ಯ ರೇಖೆಗೆ ದಾರ ಸುತ್ತಿದರೆ 94 ಸೆಂ.ಮೀ. ಅಲ್ಲಿ ಭೂಮಿಯ ಸುತ್ತಳತೆ 40,000 ಕಿ.ಮೀ.ಗೆ ಸ್ವಲ್ಪ ಜಾಸ್ತಿ. 33ನ್ನು 94ರಿಂದ ಭಾಗಿಸಿ 40,000ದಿಂದ ಗುಣಿಸಿ. ಹತ್ತಿರ ಹತ್ತಿರ 14,000 ಕಿ.ಮೀ.!

ಇನ್ನು ಹೊತ್ತು. ದೊಡ್ಡ ವಿಮಾನಗಳ ವೇಗ ಗಂಟೆಗೆ ಸುಮಾರು 900 ಕಿ.ಮೀ., ಆ ಲೆಕ್ಕಕ್ಕೆ ಹದಿನೈದೂವರೆ ಗಂಟೆ. ರನ್‌ವೇವರೆಗೆ ಹೋಗುವುದು, ಏರುವುದು, ಇಳಿಯುವುದು ಎಲ್ಲ ಸೇರಿ 16ರಿಂದ 17 ಗಂಟೆ ಎಂದಿಟ್ಟುಕೊಳ್ಳಿ. ಗಾಳಿಯನ್ನು ಮರೆಯಬೇಡಿ. ಹತ್ತು ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೋರು ಗಾಳಿ ಬೀಸುತ್ತಿರುತ್ತದೆ, ಅದಕ್ಕೇ ಬೆಂಗಳೂರಿನಿಂದ ಲಂಡನ್ನಿಗೆ ಹೋಗುವಾಗ ಬರುವುದಕ್ಕಿಂತ ಜಾಸ್ತಿ ಹೊತ್ತು ಹಿಡಿಯುತ್ತದೆ. ಹತ್ತಿರದ ದಾರಿಯನ್ನು ಬಿಟ್ಟು ಗಾಳಿ ಅನುಕೂಲವಿರುವ ದಾರಿ ಹಿಡಿಯುವುದೂ ಉಂಟು.

ಕೊನೆಯದು ಗಡಿಯಾರ. ಟಿಕೆಟ್ಟಿನಲ್ಲಿ ಇರುವುದು ಆಯಾ ಊರಿನ ವೇಳೆ. ಸ್ಯಾನ್ ಫ್ರಾನ್ಸಿಸ್ಕೋ ನಮಗಿಂತ ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ ಹಿಂದೆ, ಮಾರ್ಚ್‌ನಿಂದ ನವೆಂಬರ್‌ವರೆಗೆ ಹನ್ನೆರಡೂವರೆ. ಜನವರಿಯಲ್ಲಿ ಮಧ್ಯಾಹ್ನ 2ಕ್ಕೆ ಇಲ್ಲಿಂದ ಹೊರಟು 17 ಗಂಟೆ ಹಾರಿದರೆ ನಮ್ಮ ಲೆಕ್ಕಕ್ಕೆ ಮರುದಿನ ಬೆಳಿಗ್ಗೆ 7. ಅದರಲ್ಲಿ ಹದಿಮೂರೂವರೆ ಕಳೆದರೆ ಅಲ್ಲಿ ಅದೇ ದಿನ ಸಂಜೆ ಐದೂವರೆ!

ಬರುವಾಗ ಉಲ್ಟಾ. 2021ರಲ್ಲಿ ಏರ್ ಇಂಡಿಯಾದ ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಮತ್ತು ಅವರ ಜೊತೆಗಿದ್ದ ಮಹಿಳಾ ಪೈಲಟ್‌ಗಳು ಉತ್ತರ ಧ್ರುವದ ಮೇಲಿಂದ ಬೆಂಗಳೂರಿಗೆ ಬಂದರಲ್ಲ, ಅವರು ಅಲ್ಲಿ ವಿಮಾನ ಹತ್ತಿದ್ದು ಜನವರಿ 9ರ ರಾತ್ರಿ, ಇಲ್ಲಿ ಇಳಿದದ್ದು 11ರ ಬೆಳಗಿನ ಜಾವ. ಕರೆತರಲು ದೇವನಹಳ್ಳಿಗೆ ಹೋಗುವವರು ತಾರೀಕನ್ನು ಎರಡು ಸಲ ನೋಡಿಕೊಳ್ಳಬೇಕಾದದ್ದು ಇಲ್ಲೇ.

ಸಕ್ಕರೆ ಕಾಯಿಲೆಯ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವ ಹಿರಿಯರಿದ್ದರೆ ಹೊರಡುವ ಮೊದಲೇ ಈ ಲೆಕ್ಕವನ್ನು ಚೀಟಿಯಲ್ಲಿ ಬರೆದು ಡಾಕ್ಟರಿಗೆ ತೋರಿಸಿ. ಎಷ್ಟು ಗಂಟೆಗೊಮ್ಮೆ ಎಂದು ಅವರಿಂದಲೇ ಬರೆಸಿಕೊಳ್ಳಿ, ಆ ಚೀಟಿ ಕೈಚೀಲದಲ್ಲೇ ಇರಲಿ.